ಜಾತ್ರೆಯ ಜನ ತಾವಾಗಿಯೇ ನಡೆಯಬೇಕೆಂದರೆ

ಪ್ರಶ್ನೆ: ನಾನು ಅನಿಮೇಷನ್ ವಿದ್ಯಾರ್ಥಿ. ಬ್ಲೆಂಡರ್ ಎಂಬ 3ಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಕಿರುಚಿತ್ರ ಮಾಡುತ್ತಿದ್ದೇನೆ. ಜಾತ್ರೆಯ ದೃಶ್ಯಕ್ಕೆ 500 ಜನ ಬೇಕು. ಎಐ ಬಳಸಿದರೆ ಅವರು ತಾವೇ ನಡೆದಾಡುತ್ತಾರಾ? ಅದಕ್ಕೆ ಮಷಿನ್ ಲರ್ನಿಂಗ್ ಕಲಿಯಲೇಬೇಕಾ ಸರ್?

ಉತ್ತರ: ಮಷಿನ್ ಲರ್ನಿಂಗ್, ಅಂದರೆ ಉದಾಹರಣೆ, ಅಭ್ಯಾಸಗಳಿಂದ ಕಂಪ್ಯೂಟರೇ ಕಲಿಯುವ ವಿಧಾನ, ಈ ದೃಶ್ಯಕ್ಕೆ ಬೇಡ. ನಿಮ್ಮ ಪಾತ್ರಕ್ಕೆ ಏನು ಕಾಣಿಸುತ್ತದೆ, ಎಷ್ಟು ದೂರದವರೆಗೆ ಕಾಣಿಸುತ್ತದೆ ಎಂದು ಮೊದಲು ತೀರ್ಮಾನಿಸಿ. ಬುದ್ಧಿ ಕೊಡುವುದು ಆಮೇಲಿನ ಮಾತು.

1986ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಕ್ರೇಗ್ ರೆನಾಲ್ಡ್ಸ್ ‘ಬಾಯ್ಡ್ಸ್’ ಎಂಬ ಪ್ರೋಗ್ರಾಂ ಬರೆದರು. ಅದರಲ್ಲಿ ಹಕ್ಕಿಗಳ ಹಿಂಡು ಹಾರುತ್ತದೆ. ಹಿಂಡಿಗೆ ನಾಯಕನಿಲ್ಲ. ಪ್ರತಿ ಹಕ್ಕಿಗೂ ಹತ್ತಿರದವು ಮಾತ್ರ ಕಾಣುತ್ತವೆ. ಅದು ಪಾಲಿಸುವುದು ಮೂರೇ ನಿಯಮ: ಪಕ್ಕದವಕ್ಕೆ ತಾಗಬೇಡ, ಅವು ಹೋಗುವ ಕಡೆಗೇ ಹೋಗು, ಗುಂಪು ಬಿಡಬೇಡ. ಇಷ್ಟರಲ್ಲೇ ಇಡೀ ಹಿಂಡು ಜೀವ ಬಂದಂತೆ ಹಾರುತ್ತದೆ. ನನಗೆ ಇಂದಿಗೂ ಅದು ಬೆರಗೇ.

‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳ ಯುದ್ಧಕ್ಕಾಗಿ ಸ್ಟೀಫನ್ ರೆಗೆಲಸ್ ‘ಮ್ಯಾಸಿವ್’ ಎಂಬ ಸಾಫ್ಟ್‌ವೇರ್ ಕಟ್ಟಿದರು. ಅದರ ಸೈನಿಕರು ಸುತ್ತ ನೋಡಿ, ಕೇಳಿಸಿಕೊಂಡು, ಮುಂದಿನ ಹೆಜ್ಜೆ ತಾವೇ ಆರಿಸುತ್ತಾರೆ. ಶುರುವಿನ ಪರೀಕ್ಷೆಯಲ್ಲಿ ಕೆಲವರು ರಣರಂಗ ಬಿಟ್ಟು ಓಡಿಬಿಟ್ಟರು. ಹೆದರಿ ಓಡಿದರು ಎಂಬ ಕತೆ ಹಬ್ಬಿತು. ನಿಜವಾಗಿ ಅವರ ಮುಖ ಬೇರೆ ಕಡೆಗಿತ್ತು. ಶತ್ರು ಕಾಣಲೇ ಇಲ್ಲ, ಓಡುತ್ತಲೇ ಹೋದರು. ನಿಮ್ಮ ಪಾತ್ರ ವಿಚಿತ್ರವಾಗಿ ವರ್ತಿಸಿದಾಗಲೂ ಅದಕ್ಕೇನು ಕಾಣುತ್ತಿದೆ ಅಂತ ಮೊದಲು ನೋಡಿ.

ಬ್ಲೆಂಡರ್‌ನ ಪಾರ್ಟಿಕಲ್ ಸಿಸ್ಟಮ್‌ನಲ್ಲಿ (ನೂರಾರು ವಸ್ತುಗಳನ್ನು ಒಟ್ಟಿಗೆ ಮೂಡಿಸಿ ಚಲಿಸುವಂತೆ ಮಾಡುವ ಸೌಲಭ್ಯ), ಫಿಸಿಕ್ಸ್ ಕೆಳಗೆ ಬಾಯ್ಡ್ಸ್ ಸಿಗುತ್ತದೆ. ‘ಅಲೋ ಫ್ಲೈಟ್’ ತೆಗೆದು ‘ಅಲೋ ಲ್ಯಾಂಡ್’ ಹಾಕಿ, ಇಲ್ಲದಿದ್ದರೆ ಜನ ಹಾರುತ್ತಾರೆ! ನಿಯಮಗಳ ಪಟ್ಟಿಯಲ್ಲಿ ಮೇಲಿದ್ದದ್ದಕ್ಕೇ ಮೊದಲ ಮಣೆ. ಹಾಗಾಗಿ ಡಿಕ್ಕಿ ತಪ್ಪಿಸುವ ನಿಯಮ ಎಲ್ಲಕ್ಕಿಂತ ಮೇಲಿರಲಿ.

ಆದರೆ ಜಾತ್ರೆಯಲ್ಲಿ ಎಲ್ಲರೂ ಸುಮ್ನೆ ಒಂದೇ ಕಡೆ ನಡೆಯುವುದಿಲ್ಲ ಅಲ್ವಾ? ಒಬ್ಬರು ಬಳೆ ಅಂಗಡಿ ಮುಂದೆ ನಿಲ್ಲುತ್ತಾರೆ, ಇನ್ನೊಬ್ಬರು ತೇರಿನ ಹಿಂದೆ ಹೋಗುತ್ತಾರೆ. ಜನರನ್ನು ಮೂರ್ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಗುರಿ, ಬೇರೆ ವೇಗ ಕೊಡಿ. ಇನ್ನೊಂದು ಮಾತು: ಬಾಯ್ಡ್ಸ್ ತೋರಿಸುವುದು ದಾರಿ ಮಾತ್ರ. ಕಾಲಿನ ನಡಿಗೆ ನೀವೇ ಮಾಡಿಡಬೇಕು. ನಡಿಗೆಗೂ ವೇಗಕ್ಕೂ ಹೊಂದದಿದ್ದರೆ ಪಾದ ನೆಲದ ಮೇಲೆ ಜಾರಿದಂತೆ ಕಾಣುತ್ತದೆ.

ಮಷಿನ್ ಲರ್ನಿಂಗ್ ಉಪಯೋಗಕ್ಕೆ ಬರುವುದು, ತಳ್ಳಿದರೂ ಬೀಳದೆ ಮೈ ಸಂಭಾಳಿಸುವಂಥ ಚಲನೆಗೆ. 2018ರ ‘ಡೀಪ್‌ಮಿಮಿಕ್’ ಎಂಬ ಸಂಶೋಧನೆ ಕಂಪ್ಯೂಟರ್ ಪಾತ್ರಗಳಿಗೆ ಇಂಥದ್ದನ್ನೇ ಕಲಿಸಿ ತೋರಿಸಿತು. ನಿಮ್ಮ ದೃಶ್ಯಕ್ಕೆ ಅಷ್ಟೆಲ್ಲ ಬೇಕಿಲ್ಲ.

ಮೊದಲು ಇಪ್ಪತ್ತು ಜನರನ್ನಿಟ್ಟು ಸರಿಮಾಡಿಕೊಳ್ಳಿ, ಆಮೇಲೆ ಸಂಖ್ಯೆ ಜಾಸ್ತಿ ಮಾಡಿ. ಕ್ಯಾಮೆರಾ ಹತ್ತಿರ ಬರುವ ಐದಾರು ಮಂದಿಯನ್ನು ಮಾತ್ರ ನಿಮ್ಮ ಕೈಯಿಂದಲೇ ಅನಿಮೇಟ್ ಮಾಡಿ. ನೋಡುವವರ ಕಣ್ಣು ಹೋಗುವುದು ಅವರ ಮುಖದ ಮೇಲೆಯೇ.