ಲಾಳಿ ಎಷ್ಟು ಸಲ ಓಡಬೇಕು?

ಬೆಟಗೇರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ತಂದೆ ನೇಕಾರರು, ವಯಸ್ಸು 61. ಐದು ತಿಂಗಳ ಹಿಂದೆ ಒಂದು ಬೆಳಗಿನ ಜಾವ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದವು. ಈಗ ಗೋಡೆ ಹಿಡಿದು ನಡೆಯುತ್ತಾರೆ. ಕೈ ಮಾತ್ರ ಹಟ ಹಿಡಿದಿದೆ. ಪತ್ರದ ಕೊನೆಯ ಪುಟದಿಂದ ಇಷ್ಟು:

"ಹೋದ ಸಂಚಿಕೆಯಲ್ಲಿ ನೀವು ರೋಬೋಟ್ ಫಿಸಿಯೋಥೆರಪಿ ಬಗ್ಗೆ ಬರೆದಿರಿ. ತಮ್ಮ ಬೆಂಗಳೂರಿನಲ್ಲಿದ್ದಾನೆ, ವಿಚಾರಿಸಿದ. ನಲವತ್ತು ಸಲಕ್ಕೆ ಒಂದೂವರೆ ಲಕ್ಷ ಅಂದರಂತೆ. ಸಾಲ ತೆಗೆಯಬೇಕು. ಇಲ್ಲಿಯ ಫಿಸಿಯೋಥೆರಪಿಯವರು ಒಂದು ರಬ್ಬರ್ ಚೆಂಡು ಕೊಟ್ಟು ಒತ್ತಿ ಅಂತಾರೆ. ದಿನಾ ಬರುವುದು ಬೇಡ, ಮೊಬೈಲಿನಲ್ಲೇ ನೋಡಿ ಹೇಳ್ತೀನಿ ಅಂತಾರೆ. ಇದು ಕೈ ತೊಳೆದುಕೊಳ್ಳುವ ಉಪಾಯವೋ ಏನೋ. ಅಪ್ಪನ ಬೆರಳು ಮಡಚಿಯೇ ಇರುತ್ತವೆ. ಹೊಸ ಮಷೀನು ಇದ್ದೂ ಕೊಡಿಸಲಿಲ್ಲ ಅಂತ ನಾಳೆ ಮನಸ್ಸು ಚುಚ್ಚಬಾರದು. ಅಪ್ಪ ಮತ್ತೆ ಮಗ್ಗದಾಗ ಕೂಡ್ತಾರೇನ್ರೀ?"

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನದ ಜೊತೆ ಅರ್ಧ ಪುಟದ ಫೋಟೋ ಹಾಕಿದ್ದೆವು. ಬಿಳಿ ಕೋಣೆ, ಮಿನುಗುವ ಪರದೆ, ನಗುವ ರೋಗಿ. ಸೋತ ಕೈಯನ್ನು ಹಿಡಿದು ಆಡಿಸುವ ಈ ಯಂತ್ರ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಒಂದು ಸಾಲೂ ಇರಲಿಲ್ಲ. ಅಚ್ಚಿಗೆ ಹೋಗುವ ಮುಂಚೆ ನೋಡಿದವನು ನಾನೇ. ನಿಮ್ಮ ಮನೆಯಲ್ಲಿ ಒಂದೂವರೆ ಲಕ್ಷದ ಮಾತು ಶುರುವಾಗಲು ಆ ಫೋಟೋ ಅಷ್ಟೋ ಇಷ್ಟೋ ಕಾರಣ, ಅಲ್ವಾ?

ನಾನು ಡಾಕ್ಟರಲ್ಲ. ಆದರೂ ನೀವು ಕೇಳಿದ್ದಕ್ಕೆ ಸುತ್ತಿ ಬಳಸದೆ ಹೇಳುತ್ತೇನೆ: ಇದಕ್ಕಾಗಿ ಸಾಲ ಮಾಡಬೇಡಿ.

ಕಾರಣ ಇದೆ. ಬ್ರಿಟನ್ನಿನಲ್ಲಿ ಇದನ್ನೇ ದೊಡ್ಡದಾಗಿ ಪರೀಕ್ಷಿಸಿ ನೋಡಿದ್ದಾರೆ. ಲಕ್ವಾದಿಂದ ಕೈ ಸೋತ 770 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ರೋಬೋಟ್. ಇನ್ನೊಂದಕ್ಕೆ ಅಷ್ಟೇ ಹೊತ್ತು ಥೆರಪಿಯವರೇ ಹತ್ತಿರ ಕೂತು ಮಾಡಿಸುವ ವ್ಯಾಯಾಮ. ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ. ವಾರಕ್ಕೆ ಮೂರು ದಿನ, ಸಲಕ್ಕೆ 45 ನಿಮಿಷ, 12 ವಾರ ನಡೆಸಿದರು. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕೈ ಕೆಲಸಕ್ಕೆ ಎಷ್ಟು ಬಂತು ಅಂತ ಅಳೆದು ನೋಡಿದರೆ, ರೋಬೋಟಿನವರು ಮಾಮೂಲಿ ಚಿಕಿತ್ಸೆಯವರಿಗಿಂತ ಮುಂದೆ ಹೋಗಿರಲಿಲ್ಲ.

ಹಾಗಂತ ಯಂತ್ರ ಸುಳ್ಳು ಅಂತಲ್ಲ. ಒಂದಿಷ್ಟೂ ಅಲುಗದ ಕೈಯನ್ನು ಅದು ಹಿಡಿದು ನಡೆಸುತ್ತದೆ. ಅದಕ್ಕೆ ದಣಿವಿಲ್ಲ, ಬೇಸರವಿಲ್ಲ, ಊಟದ ಹೊತ್ತಾಯಿತು ಅಂತ ಎದ್ದು ಹೋಗುವುದಿಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಮತ್ತು ಐಐಟಿ ಮದ್ರಾಸಿನವರು ಸೇರಿ 'ಪ್ಲೂಟೋ' ಅಂತ ಒಂದು ಸಣ್ಣ ರೋಬೋಟ್ ಮಾಡಿದ್ದಾರೆ. ಮೇಜಿನ ಮೇಲೆ ಇಟ್ಟುಕೊಂಡು ಬೆರಳು, ಮಣಿಕಟ್ಟು ಆಡಿಸುವಂಥದ್ದು. ಇಂಥವು ನಮ್ಮ ಜಿಲ್ಲಾಸ್ಪತ್ರೆಗಳಿಗೆ ಬಂದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಆದರೆ ನಲವತ್ತು ಸಲ ಕೂರಿಸಿ ಊರಿಗೆ ಕಳಿಸಿದರೆ, ನಲವತ್ತೊಂದನೇ ದಿನ ಬೆಟಗೇರಿಯಲ್ಲಿ ಆ ಕೈ ಏನು ಮಾಡುತ್ತದೆ?

ಇಲ್ಲಿ ಎಣಿಕೆಯ ವಿಷಯ ಬರುತ್ತದೆ. ಅಮೆರಿಕ, ಕೆನಡಾಗಳಲ್ಲಿ ಕೆಲವರು ಥೆರಪಿ ಕೋಣೆಗಳಲ್ಲಿ ಕೂತು, ಲಕ್ವಾ ಆದವರ ಕೈ ಎಷ್ಟು ಸಲ ಆಡುತ್ತದೆ ಅಂತ ಸುಮ್ನೆ ಎಣಿಸಿದರು. 2009ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಲೋಟ ಎತ್ತುವಂಥ ನಿಜವಾದ ಕೆಲಸ ಕೈಗೆ ಕೊಟ್ಟಾಗಲೂ ಒಂದು ಸರದಿಯಲ್ಲಿ ಆಗುತ್ತಿದ್ದದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಹೊಸ ದಾರಿ ಕಟ್ಟಿಕೊಳ್ಳಲು ದಿನಕ್ಕೆ ನೂರಾರು ಸಲ ಬೇಕಾಗಿತ್ತು. ಲಕ್ವಾದಲ್ಲಿ ಕೆಡುವುದು ಕೈಯಲ್ಲ, ಮೆದುಳಿನಲ್ಲಿ ಆ ಕೈಯನ್ನು ಆಡಿಸುವ ಜಾಗ. ಸತ್ತ ಜಾಗ ಮತ್ತೆ ಹುಟ್ಟುವುದಿಲ್ಲ. ಪಕ್ಕದ ಜಾಗಗಳು ಆ ಕೆಲಸ ಕಲಿಯಬೇಕು. ಕಲಿಕೆ ಅಂದಮೇಲೆ ತಿದ್ದಿದ್ದನ್ನೇ ತಿದ್ದಬೇಕು.

ನಿಮ್ಮ ತಂದೆಗೆ ಇದನ್ನು ಬೇರೆಯವರು ವಿವರಿಸಬೇಕಿಲ್ಲ. ಒಂದು ಇಂಚು ಬಟ್ಟೆಗೆ ಲಾಳಿ ಎಷ್ಟು ಸಲ ಓಡಬೇಕು ಅಂತ ಅವರನ್ನೇ ಕೇಳಿ. ಆ ಲೆಕ್ಕ ಗೊತ್ತಿರುವವರಿಗೆ 32 ಏನು ಮಹಾ?

ಹಾಗಾದರೆ ಮನೆಯಲ್ಲೇ ಮಾಡಿಸಿದರೆ ಸಾಕು, ಫಿಸಿಯೋಥೆರಪಿ ಬೇಡ ಅಂದುಕೊಂಡೀರಿ. ಅದೂ ಅಲ್ಲ. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಒಂದು ಅಧ್ಯಯನ ನಡೆದಿತ್ತು. ಮನೆಯವರಿಗೆ ವ್ಯಾಯಾಮ ಹೇಳಿಕೊಟ್ಟು, ಅವರಿಂದಲೇ ಮಾಡಿಸಿದರೆ ಹೇಗೆ ಅಂತ. ಬಡ ದೇಶಕ್ಕೆ ಹೇಳಿ ಮಾಡಿಸಿದ ಉಪಾಯ ಅಂತ ಎಲ್ಲರಿಗೂ ಆಸೆ ಇತ್ತು. 2017ರಲ್ಲಿ ಫಲಿತಾಂಶ ಬಂದಾಗ, ಆರು ತಿಂಗಳ ನಂತರ ಮನೆಯವರಿಂದ ಮಾಡಿಸಿಕೊಂಡವರು, ಮಾಮೂಲಿ ಚಿಕಿತ್ಸೆಯವರು ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದವು. ಇನ್ನೊಬ್ಬರನ್ನು ನೆಚ್ಚಿಕೊಂಡು ಇರುವವರ ಸಂಖ್ಯೆ ಅದರಿಂದ ಇಳಿದಿರಲಿಲ್ಲ. ನನಗೂ ಇದನ್ನು ಓದಿ ಬೇಜಾರಾಯಿತು. ರೋಬೋಟನ್ನು ಬೈದು ಅವ್ವನ ಆರೈಕೆಯನ್ನು ಹೊಗಳಿ ಉತ್ತರ ಮುಗಿಸಬಹುದಿತ್ತು. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ.

ಹೀಗಾಗಿ ನಿಮ್ಮ ಊರಿನ ಫಿಸಿಯೋಥೆರಪಿಯವರನ್ನು ಬಿಡಬೇಡಿ. ಬಿಡುವ ಬದಲು ಕೇಳಿ. ಬೆರಳು ಮಡಚಿಯೇ ಇರುತ್ತವೆ ಅಂತ ಬರೆದಿದ್ದೀರಿ. ಅಂಥ ಕೈಗೆ ಮುಷ್ಟಿ ಹಿಡಿಯುವುದು ಕಷ್ಟವಲ್ಲ, ಬಿಡಿಸುವುದು ಕಷ್ಟ. ಹಾಗಿರುವಾಗ ಚೆಂಡು ಒತ್ತಿಸುವುದು ಸರಿಯೇ, ಬೆರಳು ಬಿಚ್ಚುವ ಕೆಲಸ ಯಾವುದು ಕೊಡ್ತೀರಿ ಅಂತ ಕೇಳಿ. ಕೇಳಿದರೆ ಅವರು ಸಿಟ್ಟಾಗುವುದಿಲ್ಲ. ಆದರೂ ಆಗಲಿ ಬಿಡಿ. ಇನ್ನೊಂದು ಮಾತು. ತಂದೆಯನ್ನು ಎಬ್ಬಿಸುವಾಗ ಆ ಬಲಗೈ ಹಿಡಿದು ಜಗ್ಗಬೇಡಿ. ಲಕ್ವಾ ಹೊಡೆದ ಕೈಯ ಭುಜ ಸಡಿಲವಾಗಿರುತ್ತದೆ. ಅದು ಜಾರಿದರೆ ನೋವು ತಿಂಗಳುಗಟ್ಟಲೆ ಬಿಡದು.

ಇನ್ನು ಊಟ. ತಾಯಿ ತುತ್ತು ಮಾಡಿ ಬಾಯಿಗೆ ಇಡುತ್ತಾರೆ ಅಂತ ಎರಡನೇ ಪುಟದಲ್ಲಿದೆ. ಪ್ರೀತಿ ಅದು, ತಪ್ಪು ಹೇಳಲಾರೆ. ಆದರೆ ತಟ್ಟೆಯಲ್ಲಿ ಒಂದು ಜೋಳದ ರೊಟ್ಟಿ ಇಟ್ಟು ನೋಡಿ. ಬಲಗೈ ಅಂಗೈ ರೊಟ್ಟಿಯನ್ನು ಒತ್ತಿ ಹಿಡಿಯಲಿ, ಎಡಗೈ ಮುರಿಯಲಿ. ಮೆತ್ತನೆಯ ಬಿಸಿರೊಟ್ಟಿ ಆದರೆ ಜಾರುತ್ತದೆ, ಖಡಕ್ ರೊಟ್ಟಿ ಒಳ್ಳೆಯದು. ಲಟಕ್ ಅಂದಾಗ ಕೆಲಸ ಆಯಿತು ಅಂತ ಕಿವಿಗೂ ಗೊತ್ತಾಗುತ್ತದೆ. ಬೆರಳು ತಾವಾಗಿ ಸ್ವಲ್ಪ ಬಿಚ್ಚಲು ಶುರುವಾದರೆ, ಒಳ್ಳೆಯ ಕೈಗೆ ದಿನದ ಕೆಲವು ಹೊತ್ತು ಗವಸು ಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿಯೂ ಇದೆ. ಅದಕ್ಕೆ ಒಳ್ಳೆಯ ಪುರಾವೆ ಇದೆ. ಆದರೆ ಅದನ್ನು ನೀವೇ ಶುರು ಮಾಡಬೇಡಿ, ಕೇಳಿಕೊಂಡು ಮಾಡಿ.

ಕನ್ನಡಿಯ ಬಗ್ಗೆಯೂ ಕೇಳಿ. 1990ರ ದಶಕದಲ್ಲಿ ವಿ.ಎಸ್. ರಾಮಚಂದ್ರನ್ ಎಂಬ ನರವಿಜ್ಞಾನಿ ಒಂದು ಪೆಟ್ಟಿಗೆಗೆ ಕನ್ನಡಿ ಜೋಡಿಸಿದರು. ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲಿ ನೋವು ಬರುತ್ತದಲ್ಲ, ಅದಕ್ಕೆ. ಆಮೇಲೆ ಲಕ್ವಾದವರಿಗೂ ಬಳಸಿದರು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಬೇಕು. ಸೋತ ಕೈ ಹಿಂದೆ, ಒಳ್ಳೆಯ ಕೈ ಮುಂದೆ. ಒಳ್ಳೆಯ ಕೈ ಆಡಿಸುತ್ತ ಕನ್ನಡಿಯೊಳಗೆ ನೋಡಿದರೆ, ಸೋತ ಕೈಯೇ ಆಡಿದಂತೆ ಕಾಣುತ್ತದೆ. ಮೆದುಳು ಈ ಮೋಸವನ್ನು ಖುಷಿಯಿಂದ ನಂಬುತ್ತದೆ. ಖರ್ಚು ಅಂದರೆ ಕಪಾಟಿಗೆ ಹಾಕುವ ಒಂದು ಕನ್ನಡಿ. ಇದೂ ತಂತ್ರಜ್ಞಾನವೇ. ಆದರೆ ಅರ್ಧ ಪುಟದ ಫೋಟೋಕ್ಕೆ ಚೆಂದ ಕಾಣುವುದಿಲ್ಲ ನೋಡಿ.

ಮೊಬೈಲ್ ಚಿಕಿತ್ಸೆಯನ್ನು ನೀವು ಉಪಾಯ ಅಂದಿರಿ. ಯಾವಾಗಲೂ ಹಾಗಲ್ಲ. ದೂರದಿಂದಲೇ ಡಾಕ್ಟರ ಸಲಹೆ ಕೊಡಿಸುವ ಸರ್ಕಾರದ ಇ-ಸಂಜೀವಿನಿ 2019ರಿಂದಲೇ ನಡೆಯುತ್ತಿದೆ, ಕೋವಿಡ್ ಹೊತ್ತಿನಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣುವ ಸೌಕರ್ಯವೂ ಸೇರಿತು. ಗೋಡೆ ಹಿಡಿದು ನಡೆಯುವವರನ್ನು ದಿನಾ ಆಟೋ ಹತ್ತಿಸಿ ಇಳಿಸುವುದಕ್ಕಿಂತ, ಅರ್ಧ ತಾಸು ವಿಡಿಯೋದಲ್ಲಿ ಮಾಡಿಸುವುದು ಎಷ್ಟೋ ವಾಸಿ. ಆದರೆ ಕೈ ಎಷ್ಟು ಬಿಗಿಯಾಗಿದೆ ಅಂತ ಫೋನಿಗೆ ಗೊತ್ತಾಗದು, ಅದನ್ನು ಮುಟ್ಟಿಯೇ ನೋಡಬೇಕು. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಎದುರಾಎದುರು, ನಡುವೆ ಫೋನು ಅಂತ ಮಾತಾಡಿಕೊಳ್ಳಿ. ಫೋನು ನೀವು ಹಿಡಿಯಬೇಡಿ, ಯಾವುದಕ್ಕಾದರೂ ಆನಿಸಿ ನಿಲ್ಲಿಸಿ. ಹಿಡಿದವರು ಹತ್ತು ನಿಮಿಷಕ್ಕೆ ಅಪ್ಪನ ಕೈ ಬಿಟ್ಟು ಮುಖ ತೋರಿಸಲು ಶುರು ಮಾಡುತ್ತಾರೆ. ಅನುಭವದ ಮಾತು.

ಆ ಅನುಭವ ಸಿಕ್ಕಿದ್ದು ನನ್ನ ಸೋದರಮಾವನ ಆರೈಕೆಯಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಕ್ಕರೆ ಕಾಯಿಲೆ. ಪಾದಕ್ಕೆ ಸ್ಪರ್ಶ ಹೋಗಿತ್ತು. ಚಪ್ಪಲಿಯೊಳಗಿನ ಮೊಳೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು. ದೊಡ್ಡ ಊರಿನ ಒಂದು ಕಡೆ ಜಾಸ್ತಿ ದುಡ್ಡು ಕೊಟ್ಟು ವಿದೇಶಿ ಕಾಲು ತಂದೆವು. ಹೊಳೆಯುತ್ತಿತ್ತು. ಮಾವ ಅದನ್ನು ಹಾಕಿಕೊಂಡು ಎರಡು ಮದುವೆಗೆ ಹೋಗಿ ಬಂದರು. ಆಮೇಲೆ ಅದು ಬಾಗಿಲ ಹಿಂದೆ, ಕೊಡೆಯ ಪಕ್ಕ ನಿಂತಿತು. ಯಾಕೆ ಮಾವ ಅಂದರೆ, "ಗಾದಿ ಮ್ಯಾಲ ಕೂಡಾಕ ಬರಂಗಿಲ್ಲಪಾ" ಅಂದರು. ಪಾದ ಮಣಿಯುತ್ತಿರಲಿಲ್ಲ. ಬೂಟು ಇಲ್ಲದೆ ನಡೆಯುವಂತಿಲ್ಲ. ಚಕ್ಕಳಮಕ್ಕಳ ಹಾಕದ ಲೆಕ್ಕದವರು ಅಂಗಡಿಯಲ್ಲಿ ಎಲ್ಲಿ ಕೂರಬೇಕು? ಕೊಟ್ಟವರು ಆಳೆತ್ತರ, ತೂಕ ಎಲ್ಲ ಬರೆದುಕೊಂಡಿದ್ದರು. ಹೇಗೆ ಕೂರ್ತೀರಿ ಅಂತ ಕೇಳಿರಲಿಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ಜೈಪುರ ಕಾಲು ಹಾಕಿಸಿದೆವು. 1968ರ ಸುಮಾರಿಗೆ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಸೇರಿ ಮಾಡಿದ್ದು. ರಬ್ಬರಿನ ಪಾದ, ಎಲ್ಲ ದಿಕ್ಕಿಗೂ ಬಾಗುತ್ತದೆ. ಬರಿಗಾಲಲ್ಲಿ ನಡೆಯಬಹುದು, ಕೆಸರಿಗೆ ಇಳಿಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು. ನಾವು ಹೇಗೆ ಬದುಕುತ್ತೇವೆ ಅಂತ ಮೊದಲು ನೋಡಿ, ಆಮೇಲೆ ಕಾಲು ಮಾಡಿದರು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೈಯಾರೆ ಮಾಡಿದ ಶರ್ಮಾರ ಹೆಸರು ಅಷ್ಟು ದೂರ ಹೋಗಲಿಲ್ಲ. ಮಾವ ಮತ್ತೆ ಆರು ವರ್ಷ ಗಾದಿಯ ಮೇಲೆ ಕೂತು ಲೆಕ್ಕ ಬರೆದರು.

ನಿಮ್ಮ ತಮ್ಮ ಬೆಂಗಳೂರಿನ ಆಸ್ಪತ್ರೆಗೆ ಮತ್ತೆ ಫೋನ್ ಮಾಡಿದರೆ ಇದೇ ಪ್ರಶ್ನೆ ಕೇಳಲಿ. ನಮ್ಮಪ್ಪ ನೇಕಾರರು, ಅವರ ಕೈಗೆ ಏನು ಕೆಲಸ ಬರಬೇಕು ಅಂತ ನೀವು ಕೇಳ್ತೀರಾ? ಊರಿಗೆ ಬಂದ ಮೇಲೆ ಯಾರು ನೋಡ್ತಾರೆ? ಈ ಎರಡಕ್ಕೆ ತಡವರಿಸಿದರೆ ಫೋನ್ ಇಡಿ.

ಒಂದು ಸಲ ನರರೋಗ ತಜ್ಞರಿಗೆ ತೋರಿಸಬೇಕು ಅನಿಸಿದರೆ ಹುಬ್ಬಳ್ಳಿಗೇ ಬನ್ನಿ. 60 ಕಿಲೋಮೀಟರ್ ಕೂಡ ಇಲ್ಲ. ಕಷ್ಟ ಇರುವುದು ಗದಗದ ಬಸ್ಸಿನ ಮೆಟ್ಟಿಲಿನಲ್ಲಿ. ಮೊದಲ ಮೆಟ್ಟಿಲಿಗೆ ಸೋತ ಕಾಲು ಏಳುವುದಿಲ್ಲ. ಹುಬ್ಬಳ್ಳಿಯೊಳಗೆ ಹೊಸೂರಿನಿಂದ ಸರ್ಕಾರಿ ಆಸ್ಪತ್ರೆ ಕಿಮ್ಸ್‌ವರೆಗೆ ಚಿಗರಿ ಬಸ್ಸು ಹತ್ತಿ. ಪ್ಲಾಟ್‌ಫಾರ್ಮ್ ಮತ್ತು ಬಸ್ಸಿನ ನೆಲ ಸಮವಾಗಿರುವುದರಿಂದ ಮೆಟ್ಟಿಲೇ ಇಲ್ಲ. 2018ರಲ್ಲಿ ಚಿಗರಿ ಓಡಲು ಶುರುವಾದಾಗ ನಾವೆಲ್ಲ ಎಸಿ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಆ ಸಮ ನೆಲ ಎಷ್ಟು ದೊಡ್ಡ ಸಂಗತಿ ಅಂತ ನನಗೆ ತಿಳಿದದ್ದು ಮಾವನ ಜೊತೆ ಹತ್ತಿದ ದಿನ.

ಮೊದಲ ದಿನ ಪಾರಿವಾಳದ ರಕ್ತ ಹಚ್ಚಿಸಲು ಕರೆದೊಯ್ದಿದ್ದಕ್ಕೆ ನೀವು ಪತ್ರದ ತುಂಬ ಕೊರಗಿದ್ದೀರಿ. ಆದದ್ದು ಆಯಿತು. ಉಳಿದ ಓದುಗರಿಗಾಗಿ ಬರೆಯುತ್ತೇನೆ: ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸುಮ್ನೆ ಮಲಗಿಸಿ ನೋಡೋಣ ಅನ್ನುವಷ್ಟು ಹೊತ್ತಿಲ್ಲ.

ಮತ್ತೆ ಮಗ್ಗದಲ್ಲಿ ಕೂಡ್ತಾರಾ ಅಂತ ಕೇಳಿದಿರಿ. ಕುಣಿ ಮಗ್ಗಕ್ಕೆ ಎರಡು ಕೈ ಸಾಲದು, ಎರಡು ಕಾಲೂ ಬೇಕು. ಹೌದು ಅಂತ ನಾನು ಹೇಳಲಾರೆ. ಐದು ತಿಂಗಳಿಗೆ ಎಲ್ಲ ಮುಗಿಯಿತು ಅಂತಲೂ ಇಲ್ಲ. ಮೊದಲ ತಿಂಗಳುಗಳಲ್ಲಿ ಬಂದಷ್ಟು ಬೇಗ ಬರುವುದಿಲ್ಲ, ಅಷ್ಟೇ. ಮಗ್ಗ ಇರಲಿ, ಮನೆಯಲ್ಲಿ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುವ ರಾಟಿ ಇದೆಯಲ್ಲ. ಫಿಸಿಯೋಥೆರಪಿಯವರಿಗೆ ಅದನ್ನು ತೋರಿಸಿ. ಚೆಂಡಿನ ಬದಲು ಇದನ್ನು ತಿರುಗಿಸಬಹುದೇ ಅಂತ ಕೇಳಿ. ಮೊದಮೊದಲು ಬಲಗೈ ಹಿಡಿಕೆಯ ಮೇಲೆ ಇರಲಿ, ಅದರ ಮೇಲೆ ಎಡಗೈ. ಎಷ್ಟು ಸುತ್ತು ಆಯಿತು ಅಂತ ಮೊಮ್ಮಕ್ಕಳು ಎಣಿಸಿ ಗೋಡೆಗೆ ಗೀಟು ಹಾಕಲಿ. ಒಂದು ಕಂಡಿಕೆ ತುಂಬಿದ ದಿನ ನನಗೊಂದು ಕಾರ್ಡು ಹಾಕಿ. ನೂಲು ಎಷ್ಟು ಸಲ ಹರಿಯಿತು ಅಂತಲೂ ಬರೆಯಿರಿ.

— ಸಂಪಾದಕ