ವಿಶ್ವದ ಅಂಚಿನ ಆಚೆ ಏನಿದೆ?

ವಿಶ್ವಕ್ಕೆ 1380 ಕೋಟಿ ವರ್ಷ ವಯಸ್ಸಾಗಿದ್ದರೆ ಅದರ ಅಂಚೂ ಅಷ್ಟೇ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೂರದಲ್ಲಿ ಇರಬೇಕಲ್ವಾ, ಅದರಾಚೆ ಏನಿದೆ ಅಂತ ಕೇಳಿದ್ದೀರಿ. ಇಲ್ಲಿ ಎರಡು ವಿಷಯ ಬೆರೆತುಹೋಗಿವೆ: ನಮಗೆ ಕಾಣುವ ಮಿತಿ ಮತ್ತು ಪೂರ್ತಿ ವಿಶ್ವದ ಅಂಚು.

ನಮಗೆ ಕಾಣುವುದಕ್ಕೆ ಮಿತಿ ಇದೆ, ಅದು ನಿಜ. ಆದರೆ ನಮ್ಮನ್ನು ತಲುಪುವ ಅತಿ ಹಳೆಯ ಬೆಳಕು ದಾರಿಯಲ್ಲಿರುವಾಗಲೇ ನಡುವಿನ ಜಾಗವೂ ಹಿಗ್ಗುತ್ತಾ ಬಂದಿದೆ, ಹಾಗಾಗಿ ಆ ಬೆಳಕು ಹೊರಟ ಜಾಗ ಈಗ ಸುಮಾರು 4600 ಕೋಟಿ ಜ್ಯೋತಿರ್ವರ್ಷ ದೂರ ಹೋಗಿಬಿಟ್ಟಿದೆ. ಸಮುದ್ರದ ದಂಡೆಯಲ್ಲಿ ನಿಂತವರಿಗೆ ಕಾಣುವ ದಿಗಂತ ಇದ್ದ ಹಾಗೆ ಇದು. ಬೆಳಕು ಹೊರಟ ಆ ದೂರದ ಜಾಗದಿಂದ ಯಾರಾದರೂ ನೋಡಿದರೆ ಅವರಿಗೂ ಸುತ್ತ ಇಷ್ಟೇ ದೂರ ಕಾಣುತ್ತದೆ, ನಾವು ಅವರ ದಿಗಂತದಲ್ಲಿ ಇರುತ್ತೇವೆ.

ಆ ಮಿತಿಯ ಹತ್ತಿರ ಏನು ಕಾಣುತ್ತದೆ ಗೊತ್ತಾ? ಮಂದವಾದ ಮೈಕ್ರೋವೇವ್ ಬೆಳಕು, ಅಂದರೆ ಕಣ್ಣಿಗೆ ಕಾಣದ, ಆಂಟೆನಾಗೆ ಸಿಗುವಂಥ ಬೆಳಕು. ವಿಶ್ವ ಶುರುವಾದ ಮಹಾಸ್ಫೋಟದ (ಬಿಗ್ ಬ್ಯಾಂಗ್) ಸುಮಾರು 3.8 ಲಕ್ಷ ವರ್ಷಗಳ ನಂತರ, ವಿಶ್ವ ತಣ್ಣಗಾಗಿ ಪರಮಾಣುಗಳು ರೂಪುಗೊಂಡಾಗ ಹೊರಟದ್ದು. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆನ್ಜಿಯಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳ ದೊಡ್ಡ ಆಂಟೆನಾದಲ್ಲಿ ಒಂದು ಗೊರಗೊರ ಸದ್ದು ನಿಲ್ಲುತ್ತಲೇ ಇರಲಿಲ್ಲ. ಪಾರಿವಾಳದ ಹಿಕ್ಕೆಯಿಂದ ಇರಬಹುದು ಅಂತ ಅದನ್ನೆಲ್ಲ ಕೆರೆದು ತೆಗೆದರು. ಆದರೂ ಹೋಗಲಿಲ್ಲ, ಎತ್ತ ತಿರುಗಿಸಿದರೂ ಒಂದೇ ಸಮ. ಆ ಸದ್ದೇ ಈ ಬೆಳಕು! ನನಗೆ ಇದು ಈಗಲೂ ಮೈ ಜುಮ್ಮೆನ್ನಿಸುವ ವಿಷಯ.

ಹಾಗಾದರೆ ಪೂರ್ತಿ ವಿಶ್ವ? 2009ರಲ್ಲಿ ಹಾರಿದ ಪ್ಲಾಂಕ್ ಉಪಗ್ರಹ ಇದೇ ಬೆಳಕನ್ನು ಅಳೆದಾಗ, ಜಾಗ ಹೆಚ್ಚುಕಡಿಮೆ ಬಾಗದೆ, ಸಪಾಟಾಗಿಯೇ ಕಂಡಿತು. ಅಂದರೆ ಅದು ಕೊನೆಯೇ ಇಲ್ಲದೆ ಹರಡಿರಬಹುದು, ಇಲ್ಲವೇ ತುಂಬಾ ದೊಡ್ಡದಾಗಿ ತನ್ನೊಳಗೇ ಸುತ್ತಿಕೊಂಡಿರಬಹುದು. ಎರಡರಲ್ಲೂ ಅಂಚಿಲ್ಲ. ಮತ್ತೆ, ಹಿಗ್ಗುವುದಕ್ಕೆ ಹೊರಗೆ ಖಾಲಿ ಜಾಗ ಬೇಕು ಅಂತಲೂ ಇಲ್ಲ, ಗ್ಯಾಲಕ್ಸಿಗಳ ನಡುವಿನ ದೂರ ಜಾಸ್ತಿಯಾಗುತ್ತದೆ ಅಷ್ಟೇ.