ಹಾಸ್ಟೆಲ್ ಖಾಲಿ ಮಾಡಿಸಬೇಡಿ, ಮೊದಲು ಆ ಎಂಸಿ ನಿಯಮ ತೆಗೆಸಿ

ಹಾಸ್ಟೆಲ್‌ನಲ್ಲಿ ಫ್ಲೂ ಹಬ್ಬಿದೆ, ಒಂದು ವಾರ ರಜೆ ಕೊಟ್ಟು ಎಲ್ಲರನ್ನೂ ಊರಿಗೆ ಕಳಿಸಿ, ಕಟ್ಟಡಕ್ಕೆಲ್ಲ ಔಷಧಿ ಹೊಡೆಸಿದರೆ ನಿಲ್ಲುತ್ತದಾ ಎಂದು ಕೇಳಿದ್ದೀರಿ. ಮೆಡಿಕಲ್ ಸರ್ಟಿಫಿಕೇಟ್ (ಎಂಸಿ) ತಂದವರಿಗೆ ಮಾತ್ರ ಹಾಜರಾತಿ ಅಂತ ಪ್ರಿನ್ಸಿಪಾಲರು ನೋಟಿಸ್ ಹಾಕಿದ್ದಾರೆ ಎಂದು ಕೊನೆಗೊಂದು ಸಾಲು ಸೇರಿಸಿದ್ದೀರಿ. ನಿಲ್ಲುವುದಿಲ್ಲ ಸ್ವಾಮಿ. ರಜೆ, ಔಷಧಿ ಎಲ್ಲ ಆಮೇಲೆ. ಆ ಕೊನೆಯ ಸಾಲು ನೋಡಿಯೇ ನಾನು ಬರೆಯಲು ಕೂತಿದ್ದು, ಯಾಕಂದರೆ ಅಂಥದ್ದೇ ಒಂದು ನೋಟಿಸಿಗೆ ಸಹಿ ಹಾಕಿದವನು ನಾನು.

2023ರ ಮಾರ್ಚ್. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಎಚ್3ಎನ್2 ಎಂಬ ಬಗೆಯ ಫ್ಲೂನಿಂದ ವೃದ್ಧರೊಬ್ಬರು ತೀರಿಕೊಂಡ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿತ್ತು. ನಾನಾಗ ಪದವಿ ಕಾಲೇಜೊಂದರಲ್ಲಿ ಲೆಕ್ಚರರ್, ಜೊತೆಗೆ ಹುಡುಗರ ಹಾಸ್ಟೆಲ್ ವಾರ್ಡನ್. ಇಂಟರ್ನಲ್ಸ್ ಪರೀಕ್ಷೆ ಎದುರಿಗಿತ್ತು. ಬೆಳಗ್ಗೆ ಎದ್ದರೆ ಬಾಗಿಲ ಮುಂದೆ ಹುಡುಗರು, 'ಸಾರ್, ಜ್ವರ'. ಇದರಲ್ಲಿ ಅರ್ಧ ಜನ ಓದದೆ ತಪ್ಪಿಸಿಕೊಳ್ಳುವವರು ಅಂತ ನನ್ನ ಲೆಕ್ಕ. ಎಂಸಿ ಇಲ್ಲದೆ ಹಾಜರಾತಿ ಇಲ್ಲ, ಇಂಟರ್ನಲ್ಸ್ ಇನ್ನೊಮ್ಮೆ ಮಾಡುವುದೂ ಇಲ್ಲ ಎಂದು ಬೋರ್ಡಿಗೆ ಅಂಟಿಸಿದೆ. ಕೊರೊನಾ ಕಾಲದ ಥರ್ಮಲ್ ಗನ್ ಒಂದು ಬೀರುವಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನೂ ಹೊರತೆಗೆದು ಮೆಸ್ ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿದೆ. ಮಾರನೇ ದಿನದಿಂದ ಜ್ವರದವರೇ ಇಲ್ಲ! ನೋಡಿ, ಹೇಗೆ ಹತೋಟಿಗೆ ತಂದೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ.

ಆಗಿದ್ದೇನು ಅಂದರೆ, ನಾನು ಚಾಪೆ ಕೆಳಗೆ ತೂರಿದರೆ ಹುಡುಗರು ರಂಗೋಲಿ ಕೆಳಗೆ ತೂರಿದ್ದರು. ರೂಮು ಗುಡಿಸುವಾಕೆ ಒಂದು ದಿನ ಕಸದ ಡಬ್ಬಿ ತಂದು ನನ್ನ ಮುಂದಿಟ್ಟರು. ಮೇಲಿಂದ ಕೆಳಗಿನವರೆಗೆ ಡೋಲೋ 650ರ ಖಾಲಿ ಸ್ಟ್ರಿಪ್. ಬೆಳಗ್ಗೆ ಎದ್ದು ಒಂದು ಮಾತ್ರೆ ನುಂಗಿದರೆ ಗನ್‌ಗೆ ಜ್ವರ ಸಿಗುತ್ತಿರಲಿಲ್ಲ. ಮಾತ್ರೆ ಮೈಬಿಸಿ ಇಳಿಸುತ್ತದೆ, ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಹುಡುಗ ಕ್ಲಾಸಿನಲ್ಲಿ, ಮೆಸ್ಸಿನಲ್ಲಿ, ಕಿಟಕಿ ಮುಚ್ಚಿದ ಇಂಟರ್ನಲ್ಸ್ ಹಾಲ್‌ನಲ್ಲಿ ಕೆಮ್ಮುತ್ತಾ ಕೂತಿರುತ್ತಾನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಪ್ರಿನ್ಸಿಪಾಲರಿಗೂ ಹೇಳಿ. ಫ್ಲೂ ವೈರಸ್ ಮೈಗೆ ಹೊಕ್ಕ ಮೇಲೆ ಒಂದರಿಂದ ನಾಲ್ಕು ದಿನದಲ್ಲಿ ಕಾಯಿಲೆ ಕಾಣಿಸುತ್ತದೆ. ಕಾಣಿಸುವುದಕ್ಕೆ ಒಂದು ದಿನ ಮೊದಲೇ ಇನ್ನೊಬ್ಬರಿಗೆ ಅಂಟಬಲ್ಲದು. ಅತಿ ಹೆಚ್ಚು ಅಂಟುವುದು ಕಾಯಿಲೆಯ ಮೊದಲ ಮೂರು ದಿನ. ಎಂಸಿ ಬೇಕು ಅಂದರೆ ಆ ಮೂರು ದಿನದಲ್ಲೇ ಹುಡುಗ ಎದ್ದು, ಶೇರ್ ಆಟೋ ಹತ್ತಿ, ಸರ್ಕಾರಿ ಆಸ್ಪತ್ರೆಯಲ್ಲಿ ಒಪಿಡಿ ಚೀಟಿಗೆ ಕ್ಯೂ ನಿಲ್ಲಬೇಕು. ಕ್ಯೂನಲ್ಲಿ ಬಾಣಂತಿಯರು, ಉಬ್ಬಸದ ಮುದುಕರು. ಕಾಸಿದ್ದವನು ಖಾಸಗಿ ಕ್ಲಿನಿಕ್‌ನಲ್ಲಿ ಚೀಟಿ ಬರೆಸಿಕೊಂಡು ಬಂದ. ಇಲ್ಲದವನು ಡೋಲೋ ನುಂಗಿ ಕ್ಲಾಸಿಗೆ ಬಂದ. ಶೇ 75 ಹಾಜರಾತಿ ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಹೆದರಿಕೆ ಬೇರೆ. ಕಳ್ಳರನ್ನು ಹಿಡಿಯಲು ಹೋಗಿ ನಿಜವಾದ ರೋಗಿಗಳನ್ನು ಬಚ್ಚಿಡಿಸಿದೆ. ನಾಲ್ಕು ಜನ ಸುಳ್ಳು ಹೇಳಿ ಮಲಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಪೆಟ್ಟು ಬಿದ್ದಿದ್ದು ಮೆಸ್ಸಿನ ಭಟ್ಟರಿಗೆ. ಅರವತ್ತು ದಾಟಿದ ಮನುಷ್ಯ, ಶುಗರ್ ಇತ್ತು. ಕೆಮ್ಮು ಶುರುವಾದ ಮೇಲೂ ಒಲೆ ಮುಂದೆಯೇ ಇದ್ದರು. ಮನೆಗೆ ಹೋಗಿ ಅಂದರೆ, 'ಬೆಳಗ್ಗೆ ಉಪ್ಪಿಟ್ಟು ಯಾರು ತಿರುವುತ್ತಾರೆ ಸಾರ್, ನೀವಾ?' ದಿನಗೂಲಿ, ರಜೆ ಹಾಕಿದರೆ ದುಡ್ಡಿಲ್ಲ. ನನ್ನ ನೋಟಿಸಿನಲ್ಲಿ ಅವರ ಸುದ್ದಿಯೇ ಇರಲಿಲ್ಲ. ಫ್ಲೂ ಮಾತ್ರೆ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ಅವರು ಏದುಸಿರು ಬಿಡಲು ಶುರು ಮಾಡಿದ ಮೇಲೆ ನಾವು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು. ನ್ಯುಮೋನಿಯಾ, ಆಕ್ಸಿಜನ್. ಬದುಕಿ ಬಂದರು, ಆದರೆ ಮತ್ತೆ ಅಷ್ಟು ದೊಡ್ಡ ಪಾತ್ರೆ ಎತ್ತುವ ಹಾಗಾಗಲಿಲ್ಲ, ಕೆಲಸ ಬಿಟ್ಟರು. ಯಾರಿಂದ ಅಂಟಿತು ಅಂತ ಯಾರೂ ಸಾಬೀತು ಮಾಡಲಾರರು. ತಟ್ಟೆ ಹಿಡಿದು ಅವರ ಮುಂದೆ ಸಾಲುಗಟ್ಟಿ ನಿಂತು ಕೆಮ್ಮಿದವರು ನಮ್ಮ ಹುಡುಗರೇ ತಾನೆ.

ಇದು ನಾನು ಕಂಡುಹಿಡಿದ ಹೊಸ ವಿಷಯವೂ ಅಲ್ಲ. 2009ರಲ್ಲಿ ಎಚ್1ಎನ್1 (ಹಂದಿಜ್ವರ) ಬಂದಾಗ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಲ್ಲಿನ ಕಾಲೇಜುಗಳಿಗೆ ಹೇಳಿತ್ತು: ಡಾಕ್ಟರ ಚೀಟಿ ಕೇಳಬೇಡಿ, ಹುಷಾರಿಲ್ಲದವರು ರೂಮಿನಲ್ಲೇ ಇರಲಿ, ಊಟ-ಔಷಧಿ ತಂದುಕೊಡಲು ಒಬ್ಬ ಜೊತೆಗಾರ ಇರಲಿ. ಫ್ಲೂ ರೋಗಿಗಳನ್ನು ವಿಂಗಡಿಸುವ ನಮ್ಮ ಕೇಂದ್ರ ಸರ್ಕಾರದ ಎ, ಬಿ, ಸಿ ವರ್ಗೀಕರಣದಲ್ಲೂ ಸಾಧಾರಣ ಜ್ವರ-ಕೆಮ್ಮಿನ 'ಎ' ವರ್ಗಕ್ಕೆ ಪರೀಕ್ಷೆಯೇ ಬೇಡ. ಉಸಿರಾಟಕ್ಕೆ ಕಷ್ಟ, ಎದೆನೋವು, ಕಫದಲ್ಲಿ ರಕ್ತ, ವಿಪರೀತ ಮಂಪರು, ಉಗುರು ನೀಲಿಯಾಗುವುದು ಕಂಡರೆ ಮಾತ್ರ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಊರಿಗೆ ಕಳಿಸುವುದು ಬೇಡ ಅನ್ನುವುದೂ ಇದಕ್ಕೇ. ಇವತ್ತು ಚೆನ್ನಾಗಿ ಕಾಣುವವನು ನಾಳೆ ಜ್ವರ ಬರುವವನಾಗಿರಬಹುದು. ಅವನನ್ನು ತುಂಬಿದ ಕೆಂಪು ಬಸ್ಸಿಗೆ ಹತ್ತಿಸಿ ಅಜ್ಜಿಯ ಪಕ್ಕ ಮಲಗಿಸಿದರೆ ನಿಮ್ಮ ಹಾಸ್ಟೆಲ್ ಖಾಲಿಯಾಯಿತು, ಅಜ್ಜಿಯ ಗತಿ? ಗೆಸ್ಟ್ ರೂಮೋ ಟಿವಿ ಹಾಲೋ, ಯಾವುದಾದರೂ ಒಂದನ್ನು ಹುಷಾರಿಲ್ಲದವರಿಗೆ ಬಿಟ್ಟುಕೊಡಿ. ಕಿಟಕಿ ತೆರೆದಿರಲಿ, ಸೊಳ್ಳೆ ಬಂದರೆ ಪರದೆ ಕಟ್ಟಿ. ಗಂಜಿ, ಸಾರು ಬಾಗಿಲಿಗೆ ಹೋಗಲಿ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಹೊರಗೆ ಬರಲಿ, ಆಮೇಲೂ ಕೆಲವು ದಿನ ಮಾಸ್ಕ್ ಇರಲಿ. ಹಾಜರಾತಿ ಅವರ ಮಾತಿನ ಮೇಲೆಯೇ ಕೊಡಿ. ಆಂಟಿಬಯೋಟಿಕ್ ಅಂತೂ ಮೆಡಿಕಲ್ ಶಾಪಿನಿಂದ ತಾವಾಗಿ ತಂದು ನುಂಗುವುದು ಬೇಡ, ವೈರಸ್ಸಿಗೆ ಅದು ತಾಕುವುದಿಲ್ಲ.

ಮಾಸ್ಕ್ ವಿಷಯದಲ್ಲಿ ಒಂದು ಮಾತು. ಮಿಶಿಗನ್ ಯೂನಿವರ್ಸಿಟಿಯ ಹಾಸ್ಟೆಲ್‌ಗಳಲ್ಲಿ 2006-07ರ ಫ್ಲೂ ಸೀಸನ್‌ನಲ್ಲಿ ಒಂದು ಪ್ರಯೋಗ ಮಾಡಿದ್ದರು. ಮಾಸ್ಕ್ ಜೊತೆ ಕೈಯನ್ನೂ ಸ್ವಚ್ಛ ಇಟ್ಟುಕೊಂಡವರ ಗುಂಪಿನಲ್ಲಿ ನಾಲ್ಕರಿಂದ ಆರನೇ ವಾರದಲ್ಲಿ ಫ್ಲೂ ಥರದ ಕಾಯಿಲೆ ಶೇ 35ರಿಂದ 51ರಷ್ಟು ಕಡಿಮೆಯಾಗಿತ್ತು. ಬರೀ ಮಾಸ್ಕ್ ಹಾಕಿದವರಲ್ಲಿ ಅಷ್ಟು ಖಚಿತ ಫಲ ಕಾಣಲಿಲ್ಲ. ಹಾಗಾಗಿ ಮೆಸ್ಸಿನ ಬೇಸಿನ್‌ನಲ್ಲಿ ಸೋಪಿದೆಯಾ ನೋಡಿ. ನಮ್ಮಲ್ಲಿ ಇರುತ್ತಿರಲಿಲ್ಲ. ಕುಡಿಯುವ ನೀರಿನ ಫಿಲ್ಟರಿಗೆ ಸರಪಳಿಯಲ್ಲಿ ಕಟ್ಟಿದ ಒಂದೇ ಸ್ಟೀಲ್ ಲೋಟ ಬೇರೆ! ನಿಮ್ಮಲ್ಲೂ ಇದ್ದರೆ ಇವತ್ತೇ ಬಿಚ್ಚಿಸಿ.

ಔಷಧಿ ಹೊಡೆಸುವುದು ಫೋಟೋಗೆ ಚಂದ. ಫ್ಲೂ ಮುಖ್ಯವಾಗಿ ಮನುಷ್ಯರ ಕೆಮ್ಮು-ಸೀನಿನಿಂದ ಬರುತ್ತದೆ, ಗೋಡೆಗೆ ಹೊಡೆದು ಏನು ಪ್ರಯೋಜನ? ಬಾಗಿಲ ಹಿಡಿ, ನಲ್ಲಿ ಒರೆಸಿದರೆ ಸಾಕು. ಆ ದುಡ್ಡಿಗೆ ಮೆಸ್ಸಿನವರಿಗೆ, ವಾಚ್‌ಮನ್‌ಗೆ, ಗುಡಿಸುವವರಿಗೆ, ಉಬ್ಬಸ ಇರುವ ಹುಡುಗರಿಗೆ ಫ್ಲೂ ಲಸಿಕೆ ಹಾಕಿಸಿ. ಪ್ರತಿವರ್ಷ ಹಾಕಿಸಬೇಕು, ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಮುಗಿಸಿದರೆ ಒಳ್ಳೆಯದು. ಮೆಸ್ಸಿನವರಿಗೆ ಸಂಬಳ ಕಡಿಯದೆ ಹುಷಾರಿಲ್ಲದ ರಜೆಯನ್ನೂ ಕೇಳಿ. ದುಡ್ಡೆಲ್ಲಿದೆ ಅಂದರೆ, ಔಷಧಿ ಹೊಡೆಯುವವನು ಕೊಟ್ಟ ಕೊಟೇಷನ್ ತೆಗೆದು ಪ್ರಿನ್ಸಿಪಾಲರ ಟೇಬಲ್ ಮೇಲಿಡಿ.